ಕಾಂಕ್ರೀಟ್ ಬೀಳುವ ಮೊದಲು ಒಂದು ತಂತಿ

ಪ್ರಶ್ನೆ: ಸಕಲೇಶಪುರದ ಹತ್ತಿರ ನಮ್ಮ ತೋಟದ ಮನೆಯನ್ನು ಹೋಂಸ್ಟೇ ಮಾಡಿದ್ದೇವೆ. ಹಿತ್ತಲಲ್ಲಿ 1500 ಲೀಟರ್ ಹಿಡಿಯುವ ಬಿಸಿನೀರಿನ ತೊಟ್ಟಿ ಕಟ್ಟಿಸುತ್ತಿದ್ದೇವೆ. 6 ಕಿಲೋವ್ಯಾಟ್ ಹೀಟರ್, 1 ಎಚ್‌ಪಿ ಪಂಪು, ನೀರೊಳಗೆ ಒಂದು ಲೈಟು. ಮನೆಯಿಂದ ತೊಟ್ಟಿಗೆ 40 ಮೀಟರ್. ಕಂಬಿ ಕಟ್ಟಿಯಾಗಿದೆ, ಸೋಮವಾರ ಕಾಂಕ್ರೀಟ್. 'ತೊಟ್ಟಿ ಆಗಲಿ ಸಾರ್, ಗೀಸರ್ ಪಾಯಿಂಟ್ ಕೊಟ್ಟಂಗೆ ಕೊಟ್ರಾಯ್ತು' ಎನ್ನುತ್ತಾನೆ ಎಲೆಕ್ಟ್ರಿಷಿಯನ್. ಸರಿಯೇ? – ಓದುಗರು, ಸಕಲೇಶಪುರ ತಾಲ್ಲೂಕು

ಉತ್ತರ: ಸರಿಯಲ್ಲ. ಸೋಮವಾರದ ಕಾಂಕ್ರೀಟನ್ನು ಎರಡು ದಿನ ಮುಂದಕ್ಕೆ ಹಾಕಿ. ಮೇಸ್ತ್ರಿ ಮುಖ ಗಂಟಿಕ್ಕಿದರೆ ಒಂದು ಕಾಫಿ ಜಾಸ್ತಿ ಕೊಡಿ.

ಕಾರಣ ಹೇಳುತ್ತೇನೆ. ಕೆಲವು ವರ್ಷದ ಹಿಂದೆ ಮಲೆನಾಡಿನ ಒಂದು ಗೆಸ್ಟ್‌ಹೌಸಿನವರು ನನ್ನನ್ನು ಕರೆಸಿದ್ದರು. 'ನೀರಿನಿಂದ ಏಳುವಾಗ ರೇಲಿಂಗ್ ಹಿಡಿದರೆ ಕೈ ಜುಮ್ ಅನ್ನುತ್ತದೆ' ಎಂಬುದು ದೂರು. ಮೀಟರಿನ ಒಂದು ಕಡ್ಡಿ ಸ್ಟೀಲ್ ರೇಲಿಂಗಿಗೆ, ಇನ್ನೊಂದನ್ನು ನೀರಿಗೆ ಇಟ್ಟೆ. 18 ವೋಲ್ಟ್! ಒಣ ಕೈಗೆ ಅದು ಗೊತ್ತೂ ಆಗದು. ಕತ್ತಿನವರೆಗೆ ನೆಂದ ಮೈಗೆ ಹಾಗಲ್ಲ, ಸ್ನಾಯು ಹಿಡಿದುಕೊಂಡರೆ ಮನುಷ್ಯ ಎರಡಡಿ ನೀರಲ್ಲೂ ಮುಳುಗುತ್ತಾನೆ. ಪಂಪಿನ ಮನೆಗೆ ಹೋಗಿ ನೋಡಿದರೆ ಸೀಲ್ ಸೋರಿ ಮೋಟಾರಿನ ಹೊಟ್ಟೆಗೆ ನೀರು ಹೋಗಿತ್ತು. ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್ಚು, ಇತ್ತು, ಇಲ್ಲ ಅನ್ನುವ ಹಾಗಿಲ್ಲ. ಆದರೆ ಅದರ ಮೇಲಿನ ಎರಡೂ ಸ್ಕ್ರೂಗಳಿಂದ ಕೆಳಗಿನ ಎರಡಕ್ಕೂ ಗೇಣುದ್ದ ಕೆಂಪು ವೈರು ಹಾಕಿ ಬೈಪಾಸ್ ಮಾಡಿದ್ದರು. 'ಮಳೆ ಬಂದ್ರೆ ಟ್ರಿಪ್ ಆಗ್ತಿತ್ತು ಸಾರ್, ಗೆಸ್ಟ್ ಗಲಾಟೆ ಮಾಡ್ತಾರೆ ಅಂತ ಲೂಪ್ ಹಾಕ್ದೆ' ಎಂದ ಹುಡುಗ. ಪಾಪ, ಟ್ರಿಪ್ ಆಗಿದ್ದೇ ಅದರ ಕೆಲಸ ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ಹೊಸ ಪಂಪು ತಂದೆವು, ಲೂಪ್ ಕಿತ್ತೆವು. ಸರಿಪಡಿಸಲು ಆಗದೇ ಉಳಿದದ್ದು ಒಂದೇ: ತೊಟ್ಟಿಯ ಕಂಬಿಗೂ ರೇಲಿಂಗಿಗೂ ನಡುವೆ ತಂತಿಯ ನಂಟೇ ಇರಲಿಲ್ಲ. ಕಾಂಕ್ರೀಟ್ ಒಡೆಯದೆ ಕಂಬಿಯನ್ನು ಮುಟ್ಟುವುದು ಹೇಗೆ?

ನಿಮ್ಮಲ್ಲಿ ಕಂಬಿ ಇನ್ನೂ ಕಣ್ಣಿಗೆ ಕಾಣುತ್ತಿದೆ. ಆ ಜಾಲಕ್ಕೆ ಕ್ಲ್ಯಾಂಪ್ ಹಾಕಿ ತಾಮ್ರದ ತಂತಿ ಹೊರಗೆ ತೆಗೆಸಿ. 4 ಸ್ಕ್ವೇರ್ ಎಂಎಂಗೆ ಕಡಿಮೆ ಬೇಡ, ನಾನಾದರೆ 6 ಹಾಕಿಸುತ್ತೇನೆ. ರೇಲಿಂಗು, ಏಣಿ, ಲೋಹದ ಪೈಪು, ಪಂಪಿನ ಮೈ, ಹೀಟರಿನ ಮೈ ಎಲ್ಲ ಅದಕ್ಕೇ ಸೇರಬೇಕು, ಅದು ಅರ್ತಿಂಗಿಗೆ ಸೇರಬೇಕು. ಆಗ ಎಲ್ಲಿ ಏನು ಸೋರಿದರೂ ಮೈ ಮುಟ್ಟುವ ಎರಡು ಜಾಗಗಳ ನಡುವೆ ವೋಲ್ಟೇಜಿನ ವ್ಯತ್ಯಾಸ ಉಳಿಯುವುದಿಲ್ಲ. ಕಾಂಕ್ರೀಟಿಗೆ ಮುಂಚೆ ಫೋನಿನಲ್ಲಿ ಒಂದು ಫೋಟೋ ತೆಗೆದಿಡಿ.

ಇನ್ನು ಕೇಬಲ್. 6 ಕಿಲೋವ್ಯಾಟ್ ಹೀಟರು 230 ವೋಲ್ಟಿನಲ್ಲಿ 26 ಆಂಪ್ ಎಳೆಯುತ್ತದೆ, ಪಂಪು ಸೇರಿದರೆ 30 ದಾಟುತ್ತದೆ. ಗೀಸರಿನ ವೈರಿಗೆ ಇದು ಆಗುವ ಮಾತಲ್ಲ. 40 ಮೀಟರಿಗೆ 10 ಸ್ಕ್ವೇರ್ ಎಂಎಂ ತಾಮ್ರದ ಆರ್ಮರ್ಡ್ (ಲೋಹದ ಕವಚವಿರುವ) ಕೇಬಲ್ ಹಾಕಿ, 75 ಸೆಂಟಿಮೀಟರ್ ಆಳದಲ್ಲಿ, ಕೆಳಗೂ ಮೇಲೂ ಮರಳು, ಅದರ ಮೇಲೆ ಇಟ್ಟಿಗೆ. ಗಿಡ ನೆಡಲು ಗುದ್ದಲಿ ಎತ್ತುವವನಿಗೆ ಮೊದಲು ಇಟ್ಟಿಗೆ ತಾಗಲಿ. ಕರೆಂಟ್ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟಿದೆ ನೋಡಿ. 3 ಕಿಲೋವ್ಯಾಟ್ ಎಂದಿದ್ದರೆ ಮೊದಲು ಲೋಡ್ ಹೆಚ್ಚಿಸಿಕೊಳ್ಳಿ. ತ್ರೀ ಫೇಸ್ ಸಿಕ್ಕರೆ ಎರಡೆರಡು ಕಿಲೋವ್ಯಾಟಿನ ಮೂರು ಕಾಯಿಲಿನ ಹೀಟರ್ ತನ್ನಿ, ಒಂದೊಂದು ಫೇಸಿಗೆ 9 ಆಂಪೂ ಬೀಳದು.

ತೊಟ್ಟಿಯ ಅಂಚಿನಿಂದ ಸುತ್ತ 2 ಮೀಟರ್ ಒಳಗೆ ಸ್ವಿಚ್ಚು, ಸಾಕೆಟ್ಟು ಏನೂ ಬೇಡ. ನೀರೊಳಗಿನ ಲೈಟು 12 ವೋಲ್ಟಿನದೇ ಆಗಬೇಕು, ಅದರ ಟ್ರಾನ್ಸ್‌ಫಾರ್ಮರ್ ದೂರ ಇರಲಿ. ತೊಟ್ಟಿಗೆಂದೇ ಪ್ರತ್ಯೇಕ 30 ಮಿಲಿಆಂಪ್ ಆರ್‌ಸಿಸಿಬಿ, ಜೊತೆಗೆ ಲೋಡ್ ಮಿತಿ ಮೀರಿದರೆ ಲೈನ್ ಕಡಿಯುವ ಎಂಸಿಬಿ. ಮೊದಲನೆಯದು ಜೀವಕ್ಕೆ, ಎರಡನೆಯದು ವೈರಿಗೆ. ತಿಂಗಳಿಗೊಮ್ಮೆ ಟೆಸ್ಟ್ ಬಟನ್ ಒತ್ತಿ. ಈ ತೊಟ್ಟಿಯ ನ್ಯೂಟ್ರಲನ್ನು ಬೇರೆ ಲೈನಿನಿಂದ ಸಾಲ ತಂದರೆ ಸುಮ್ಮಸುಮ್ಮನೆ ಟ್ರಿಪ್ ಆಗುತ್ತದೆ, ಆಮೇಲೆ ಮತ್ತೆ ಆ ಕೆಂಪು ವೈರು ಬಂದು ಕೂರುತ್ತದೆ.

ನೀವು ಕೇಳದ ಒಂದು ಮಾತು. 1500 ಲೀಟರನ್ನು 20 ಡಿಗ್ರಿಯಿಂದ 38ಕ್ಕೆ ಏರಿಸಲು ಸುಮಾರು 31 ಯೂನಿಟ್ ಬೇಕು, 5 ತಾಸಿಗೂ ಹೆಚ್ಚು. ಸಂಜೆ ವೋಲ್ಟೇಜ್ 200ಕ್ಕೆ ಇಳಿದರೆ ನಿಮ್ಮ 6 ಕಿಲೋವ್ಯಾಟ್ ಹೀಟರು ನಾಲ್ಕೂವರೆಯದ್ದಾಗುತ್ತದೆ, 7 ತಾಸು ಹಿಡಿಯುತ್ತದೆ. ಆರು ಗಂಟೆಗೆ ಬರುವ ಅತಿಥಿಗೆ ಬೆಳಿಗ್ಗೆಯೇ ಸ್ವಿಚ್ ಹಾಕಬೇಕು. ಬಚ್ಚಲ ಹಂಡೆಗೆ ಉರಿಯುವ ಸೌದೆ ನಿಮ್ಮ ತೋಟದಲ್ಲೇ ಬಿದ್ದಿರುವಾಗ, ಮುಕ್ಕಾಲು ಬಿಸಿ ಒಲೆಯಿಂದಲೋ ಸೋಲಾರಿನಿಂದಲೋ ಬರಲಿ, ಕೊನೆಯ ನಾಲ್ಕು ಡಿಗ್ರಿ ಕರೆಂಟಿಗೆ ಬಿಡಿ ಎನ್ನುವುದು ನನ್ನ ಅಭಿಪ್ರಾಯ.

ಪ್ರಶ್ನೆ: ಅಮೆರಿಕದಿಂದ ವಾಪಸು ಬರುತ್ತಿರುವ ಮಗ ಅಲ್ಲಿನ ಹಾಟ್ ಟಬ್ಬನ್ನೂ ಕಂಟೇನರಿನಲ್ಲಿ ತರುತ್ತಾನಂತೆ. ಅದೂ 240 ವೋಲ್ಟಿನದೇ, ಇಲ್ಲಿ ನಡೆಯುತ್ತದಲ್ಲ? – ಓದುಗರು, ಮೈಸೂರು

ಉತ್ತರ: ಅಂಕಿ ಒಂದೇ, ಒಳಗಿನ ಕತೆ ಬೇರೆ. ಅಲ್ಲಿ 120, 120ರ ಎರಡು ತಂತಿ ಸೇರಿ 240, ನಡುವೆ ನ್ಯೂಟ್ರಲ್. ಟಬ್ಬಿನ ಕೆಲವು ಭಾಗ 120ರಲ್ಲೇ ಓಡುತ್ತಿರಬಹುದು. ನಮ್ಮಲ್ಲಿ ಫೇಸಿಗೂ ನ್ಯೂಟ್ರಲಿಗೂ ನಡುವೆಯೇ 230, ಆ ಭಾಗಕ್ಕೆ ಇದು ಬಿದ್ದರೆ ಹೊಗೆ. ಅಲ್ಲಿನದು 60 ಹರ್ಟ್ಸ್, ನಮ್ಮದು 50, ಹಾಗಾಗಿ ಮೋಟಾರು ಆರರಲ್ಲಿ ಐದು ಪಾಲು ವೇಗದಲ್ಲಿ ತಿರುಗಿ ಬಿಸಿಯಾಗುತ್ತದೆ. ಅಲ್ಲೇ ಮಾರಿ ಬರಲು ಹೇಳಿ.

ಪ್ರಶ್ನೆ: ಟಬ್ಬಿನ ಪಕ್ಕ ಎಕ್ಸ್‌ಟೆನ್ಶನ್ ಬೋರ್ಡ್ ಇಟ್ಟು ಹಾಡು ಹಾಕಬಹುದೇ? – ಓದುಗರು, ದಾವಣಗೆರೆ

ಉತ್ತರ: ಬೇಡ. ಬ್ಯಾಟರಿಯ ಸ್ಪೀಕರ್ ತನ್ನಿ, ಅದನ್ನು ಚಾರ್ಜಿಗೆ ಹಾಕುವುದು ಮನೆಯೊಳಗೆ.