ಓದುಗರ ಪ್ರಶ್ನೆ, ನಮ್ಮ ಉತ್ತರ: ಸಮೋವಾದ ಸ್ಟೀಫನ್ ಕ್ರೈಟನ್

ಸಮೋವಾದ ರಗ್ಬಿ ಲೀಗ್ ಆಟಗಾರ ಸ್ಟೀಫನ್ ಕ್ರೈಟನ್ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಐದಕ್ಕೆ ಈ ಸಲ ಉತ್ತರ. ಹಲವರು ಅವನ ಹೆಸರನ್ನು ‘ಕ್ರಿಚ್ಟನ್’ ಎಂದು ಬರೆದಿದ್ದೀರಿ. ಇಂಗ್ಲಿಷ್ ಅಕ್ಷರ ನೋಡಿದರೆ ಹಾಗೇ ಓದಿಸುತ್ತದೆ, ಆದರೆ ಉಚ್ಚಾರ ‘ಕ್ರೈಟನ್’.

ಇವನು ಆಡುವುದು ನಾವು ಒಲಿಂಪಿಕ್ಸ್‌ನಲ್ಲಿ ನೋಡುವ ರಗ್ಬಿಯೇ? ಆಂಗಸ್ ಕ್ರೈಟನ್ ಇವನ ಅಣ್ಣನೇ? (ಹಾಸನ)

ಎರಡಕ್ಕೂ ಉತ್ತರ ಅಲ್ಲ. ಒಲಿಂಪಿಕ್ಸ್‌ನದು ಏಳು ಜನರ ಸೆವೆನ್ಸ್, ರಗ್ಬಿ ಯೂನಿಯನ್ ಕಡೆಯದು. ಲೀಗ್‌ನಲ್ಲಿ ತಂಡಕ್ಕೆ 13 ಜನ, ಆಟ 80 ನಿಮಿಷ. ಚೆಂಡು ಹಿಡಿದ ತಂಡಕ್ಕೆ ಆರು ಟ್ಯಾಕಲ್‌ಗಳ (ಎದುರಾಳಿ ಹಿಡಿದು ನಿಲ್ಲಿಸುವುದು) ಅವಕಾಶ. ಆರನೆಯದರಲ್ಲೂ ಸಿಕ್ಕಿಬಿದ್ದರೆ ಚೆಂಡು ಎದುರಾಳಿಗೆ. ಹಾಗಾಗಿ ಐದನೆಯದಾದ ಮೇಲೆ ಸಾಮಾನ್ಯವಾಗಿ ಚೆಂಡನ್ನು ಒದ್ದುಬಿಡುತ್ತಾರೆ. ಎದುರಾಳಿಯ ಗೋಲು ಗೆರೆಯಾಚೆ ಚೆಂಡನ್ನು ನೆಲಕ್ಕೆ ಒತ್ತಿದರೆ ಟ್ರೈ, ಅದಕ್ಕೆ 4 ಅಂಕ, ಅದರ ನಂತರದ ಒದೆತಕ್ಕೆ 2, ಆಟದ ನಡುವೆ ಚೆಂಡನ್ನು ನೆಲಕ್ಕೆ ಬಿಟ್ಟು ಕಂಬಗಳ ನಡುವೆ ಒದೆಯುವ ಡ್ರಾಪ್ ಗೋಲಿಗೆ ಸಾಮಾನ್ಯವಾಗಿ 1.

ಸ್ಟೀಫನ್ ಹುಟ್ಟಿದ್ದು 2000ದ ಸೆಪ್ಟೆಂಬರ್ 22ರಂದು, ಸಮೋವಾದ ರಾಜಧಾನಿ ಆಪಿಯಾದಲ್ಲಿ. ಬೆಳೆದದ್ದು ಸಿಡ್ನಿಯ ಪಶ್ಚಿಮ ಭಾಗದಲ್ಲಿ. 2019ರಲ್ಲಿ ಪೆನ್ರಿತ್ ಪ್ಯಾಂಥರ್ಸ್ ಕ್ಲಬ್ ಪರ ಎನ್‌ಆರ್‌ಎಲ್‌ಗೆ (ಆಸ್ಟ್ರೇಲಿಯಾದ ಮುಖ್ಯ ರಗ್ಬಿ ಲೀಗ್ ಪಂದ್ಯಾವಳಿ) ಕಾಲಿಟ್ಟ. ಸಿಡ್ನಿ ರೂಸ್ಟರ್ಸ್‌ನ ಆಂಗಸ್ ಬೇರೆ ಮನೆತನದವನು. ಸ್ಟೀಫನ್‌ನ ಅಣ್ಣ ಕ್ರಿಶ್ಚಿಯನ್ ಕ್ರೈಟನ್, ಅವನೂ ಎನ್‌ಆರ್‌ಎಲ್ ಆಡಿದವನೇ.

ನ್ಯೂ ಸೌತ್ ವೇಲ್ಸ್ ಪರ ಆಡಿದವನು ಅದೇ ವರ್ಷ ವಿಶ್ವಕಪ್‌ನಲ್ಲಿ ಸಮೋವಾ ಪರ ಆಡಿದ್ದು ಹೇಗೆ? (ಬೆಳಗಾವಿ)

ಸ್ಟೇಟ್ ಆಫ್ ಒರಿಜಿನ್ ಎನ್ನುವುದು ಆಸ್ಟ್ರೇಲಿಯಾದ ಎರಡು ರಾಜ್ಯಗಳ ನಡುವಿನ ಸರಣಿ, ಅಂತರರಾಷ್ಟ್ರೀಯ ಪಂದ್ಯವಲ್ಲ. 13 ತುಂಬುವ ಮೊದಲು ಆ ರಾಜ್ಯದಲ್ಲಿ ವಾಸವಿದ್ದವರಿಗೆ ಅದರ ಬಾಗಿಲು ತೆರೆದಿರುತ್ತದೆ. ಕ್ರೈಟನ್‌ಗೆ ಆ ಅರ್ಹತೆ ಇತ್ತು, 2022ರಲ್ಲಿ ಆಡಿದ. ದೇಶದ ಅಂಗಿಯ ಲೆಕ್ಕವೇ ಬೇರೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಇಂಗ್ಲೆಂಡ್ ಮೊದಲ ದರ್ಜೆಯವು. ಸಮೋವಾ, ಟೋಂಗಾ ಎರಡನೆಯ ದರ್ಜೆಯವು. ಹುಟ್ಟು, ವಾಸ, ಇಲ್ಲವೇ ಅಪ್ಪ-ಅಮ್ಮ, ಅಜ್ಜ-ಅಜ್ಜಿಯರ ಮೂಲಕ ಅರ್ಹತೆಯಿದ್ದರೆ ಎರಡನೆಯ ದರ್ಜೆಯ ದೇಶಕ್ಕೆ ಆಡಿಯೂ ಒರಿಜಿನ್ ಆಡಬಹುದಿತ್ತು.

ಈ ದಾರಿಯ ಬೆಲೆ ಎಲ್ಲರಿಗೂ ಗೊತ್ತಾದದ್ದು 2017ರಲ್ಲಿ. ಜೇಸನ್ ಟಾಮಲೋಲೋ ನ್ಯೂಜಿಲೆಂಡನ್ನೂ ಆಂಡ್ರ್ಯೂ ಫಿಫಿಟಾ ಆಸ್ಟ್ರೇಲಿಯಾವನ್ನೂ ಬಿಟ್ಟು ಟೋಂಗಾ ಸೇರಿದರು. ಆ ವಿಶ್ವಕಪ್‌ನಲ್ಲಿ ಟೋಂಗಾ ನ್ಯೂಜಿಲೆಂಡನ್ನು 28–22ರಿಂದ ಸೋಲಿಸಿತು. 2022ರಲ್ಲಿ ಕ್ರೈಟನ್, ಜೆರೋಮ್ ಲುವಾಯ್, ಬ್ರಯಾನ್ ಟೋಒ ಸಮೋವಾ ಆರಿಸಿಕೊಂಡರು. ಮೂವರೂ ಪೆನ್ರಿತ್‌ನವರು. ಚಿಕ್ಕ ದೇಶವೊಂದು ಫೈನಲ್ ತಲುಪಬೇಕಾದರೆ ಇಂಥ ಆಯ್ಕೆಯೊಂದೇ ದಾರಿ, ಇದರಲ್ಲಿ ನಮಗೆ ಅನುಮಾನವಿಲ್ಲ.

ಇಂಗ್ಲೆಂಡ್ ವಿರುದ್ಧದ ಆ ಡ್ರಾಪ್ ಗೋಲನ್ನು ಹತ್ತು ಸಲ ನೋಡಿದ್ದೇನೆ. ಅದನ್ನು ಒದೆಯುವ ಕ್ರಮ ಏನು? ಎಲ್ಲಿ ಕೆಡುತ್ತದೆ? (ಉಡುಪಿ)

ಮೊದಲು ಸಂದರ್ಭ ಹೇಳಿಬಿಡುತ್ತೇವೆ. 2022ರ ಅಕ್ಟೋಬರ್ 15ರಂದು, ವಿಶ್ವಕಪ್‌ನ ಮೊದಲ ಪಂದ್ಯದಲ್ಲಿ ಇದೇ ಇಂಗ್ಲೆಂಡ್ ಸಮೋವಾವನ್ನು 60–6ರಿಂದ ಮಣ್ಣುಮುಕ್ಕಿಸಿತ್ತು. ಪೆನ್ರಿತ್‌ನ ಹುಡುಗರು ಎನ್‌ಆರ್‌ಎಲ್ ಫೈನಲ್ ಮುಗಿಸಿ ಎರಡು ವಾರವೂ ಆಗಿರಲಿಲ್ಲ. ಜೊತೆಯಾಗಿ ಅಭ್ಯಾಸಕ್ಕೆ ಸಿಕ್ಕ ದಿನಗಳು ಅಷ್ಟಕ್ಕಷ್ಟೇ. ಆಮೇಲೆ ಗ್ರೀಸ್, ಫ್ರಾನ್ಸ್, ಕ್ವಾರ್ಟರ್ ಫೈನಲ್‌ನಲ್ಲಿ ಟೋಂಗಾ (20–18). ನವೆಂಬರ್ 12ರಂದು ಲಂಡನ್ನಿನ ಎಮಿರೇಟ್ಸ್ ಮೈದಾನದಲ್ಲಿ ಸೆಮಿಫೈನಲ್. ಕ್ರೈಟನ್ ಎರಡು ಟ್ರೈ ಹೊಡೆದ, ಟ್ರೈ ನಂತರದ ಮೂರು ಗೋಲು ಒದ್ದ. ಕೊನೆಯಲ್ಲಿ ಹರ್ಬಿ ಫಾರ್ನ್‌ವರ್ತ್‌ನ ಟ್ರೈನಿಂದ ಇಂಗ್ಲೆಂಡ್ 26–26 ಮಾಡಿತು. ಆಟ ಗೋಲ್ಡನ್ ಪಾಯಿಂಟ್‌ಗೆ ಹೋಯಿತು, ಅಂದರೆ ಮೊದಲು ಅಂಕ ಗಳಿಸಿದವರೇ ಗೆದ್ದಂತೆ. ಕ್ರೈಟನ್‌ನ ಒದೆತ ಕಂಬಗಳ ನಡುವೆ ಹೋಯಿತು: 27–26.

ಈಗ ಕ್ರಮ. ಚೆಂಡು ನೆಲ ಮುಟ್ಟಿದ ಮೇಲೆಯೇ ಒದೆಯಬೇಕು, ಇಲ್ಲದಿದ್ದರೆ ಗೋಲಿಗೆ ಲೆಕ್ಕವಿಲ್ಲ. ಮೊದಲ ಟ್ಯಾಕಲ್‌ಗಳಲ್ಲಿ ದಪ್ಪ ಆಳುಗಳು ಚೆಂಡನ್ನು ಕಂಬಗಳ ಎದುರಿನ ಮಧ್ಯಭಾಗಕ್ಕೆ ಒಯ್ಯುತ್ತಾರೆ. ಒದೆಯುವವನು ಎಂಟು-ಹತ್ತು ಮೀಟರ್ ಹಿಂದೆ, ತನ್ನ ಒದೆಯುವ ಕಾಲಿನ ಕಡೆಗೆ ಸ್ವಲ್ಪ ಸರಿದು ನಿಲ್ಲುತ್ತಾನೆ. ಪಾಸು ಸೊಂಟದಿಂದ ಎದೆಯ ನಡುವೆ ಬಂದರೆ ಸರಿ. ಚೆಂಡನ್ನು ಎರಡೂ ಕೈಯಲ್ಲಿ ಉದ್ದುದ್ದ ನಿಲ್ಲಿಸಿ, ಮೇಲ್ತುದಿಯನ್ನು ತುಸು ತನ್ನ ಕಡೆ ವಾಲಿಸಿ, ಆದಷ್ಟು ಕೆಳಗಿನಿಂದ ಬಿಡಬೇಕು. ನೆಲದಿಂದ ಚಿಮ್ಮುವ ಆ ಕ್ಷಣದಲ್ಲೇ ಪಾದದ ಮೇಲ್ಭಾಗ ತಾಗಬೇಕು. ಕಣ್ಣು ಚೆಂಡಿನ ಮೇಲೆ, ತಲೆ ಕೆಳಗೆ.

ಕೆಡುವುದು ಹೆಚ್ಚಾಗಿ ಚೆಂಡು ಬಿಡುವಾಗ. ಎತ್ತರದಿಂದ ಬಿಟ್ಟರೆ ಗಾಳಿಯಲ್ಲೇ ವಾಲುತ್ತದೆ. ಮೊಟ್ಟೆಯಾಕಾರದ ಚೆಂಡು ವಾಲಿ ಬಿದ್ದರೆ ಪಕ್ಕಕ್ಕೆ ಪುಟಿಯುತ್ತದೆ, ಆಗ ಎಂಥ ಒದೆತವೂ ವ್ಯರ್ಥ. ಎರಡನೆಯ ತಪ್ಪು ಅವಸರ. ರಕ್ಷಕರು ಹತ್ತು ಮೀಟರ್ ಹಿಂದಿನಿಂದ ಓಡಿಬರುತ್ತಾರೆ, ಒದೆಯುವವನಿಗೆ ಸಿಗುವುದು ಎರಡು-ಎರಡೂವರೆ ಸೆಕೆಂಡ್. ಅವರನ್ನು ನೋಡಲು ತಲೆ ಎತ್ತಿದರೆ ಎದೆಯೂ ಹಿಂದಕ್ಕೆ ವಾಲಿ, ಚೆಂಡು ಮೇಲೇರುತ್ತದೆಯೇ ಹೊರತು ದೂರ ಹೋಗುವುದಿಲ್ಲ. ಅಡ್ಡಪಟ್ಟಿ ಇರುವುದು ಮೂರೇ ಮೀಟರ್ ಎತ್ತರದಲ್ಲಿ, ಆದ್ದರಿಂದ ಎತ್ತರದ ಅಗತ್ಯವೇ ಇಲ್ಲ. ಕಂಬಗಳ ನಡುವಿನ 5.5 ಮೀಟರ್ ಮಾತ್ರ ದೂರದಿಂದ ಬಹಳ ಕಿರಿದು.

ಸಾಮಾನ್ಯವಾಗಿ ಈ ಕೆಲಸ ತಂಡದ ಆಟ ನಡೆಸುವ ಹಾಫ್‌ಬ್ಯಾಕ್‌ನದು. ಸೆಂಟರ್ (ವಿಂಗ್ ಆಟಗಾರನ ಪಕ್ಕ, ಒಳಬದಿಗೆ ಆಡುವವನು) ಒಬ್ಬ, ಅದೂ 22ರ ಹುಡುಗ, ಎಂಬತ್ತು ನಿಮಿಷ ಟ್ಯಾಕಲ್ ಮಾಡಿ ದಣಿದ ಕಾಲಿನಲ್ಲಿ ಇದನ್ನು ಒದ್ದ ಎನ್ನುವುದು ದೊಡ್ಡದು. ಫೈನಲ್‌ನಲ್ಲಿ ಆಸ್ಟ್ರೇಲಿಯಾ 30–10ರಿಂದ ಗೆದ್ದಿತು.

ಎದುರಾಳಿಯ ಪಾಸನ್ನು ಮಧ್ಯದಲ್ಲೇ ಕಸಿಯುವುದು ಇವನಿಗೆ ಹೇಗೆ ಸಾಧ್ಯವಾಗುತ್ತದೆ? ಅದೃಷ್ಟವೇ? (ಶಿವಮೊಗ್ಗ)

ಅದೃಷ್ಟವಲ್ಲ, ಎದುರಾಳಿಯ ಚಲನೆಯನ್ನು ಓದುವ ಜಾಣ್ಮೆ. 2021ರ ಎನ್‌ಆರ್‌ಎಲ್ ಫೈನಲ್, ಬ್ರಿಸ್ಬೇನ್, ಸೌತ್ ಸಿಡ್ನಿ ವಿರುದ್ಧ 8–8. ಕ್ರೈಟನ್ ಅಂದು ವಿಂಗ್‌ನಲ್ಲಿ, ಅಂದರೆ ಮೈದಾನದ ಅಂಚಿನಲ್ಲಿದ್ದ. ಎದುರಾಳಿಯ ಕೋಡಿ ವಾಕರ್ ಅಂಚಿಗೆ ಉದ್ದ ಪಾಸು ಎಸೆದ. ಕ್ರೈಟನ್ ತನ್ನ ಜಾಗ ಬಿಟ್ಟು ಮುಂದೆ ಜಿಗಿದು ಅದನ್ನು ಹಿಡಿದು ಓಡಿಬಿಟ್ಟ. ಪೆನ್ರಿತ್ ಗೆದ್ದದ್ದು 14–12ರಿಂದ, ಹಾಗಾಗಿ ಆ ಟ್ರೈಯೇ ಕಪ್ ತಂದಿತು ಎನ್ನಬಹುದು.

ಇಂಥ ರಕ್ಷಕ ನೋಡುವುದು ಚೆಂಡನ್ನಲ್ಲ, ಪಾಸು ಕೊಡುವವನ ಭುಜ ಮತ್ತು ಸೊಂಟವನ್ನು. ಸೊಂಟ ಅಂಚಿನ ಕಡೆ ತಿರುಗಿ, ಕೈಗಳು ಹಿಂದಕ್ಕೆ ಹೋದರೆ ಉದ್ದ ಪಾಸು ಬರುತ್ತಿದೆ ಎಂದರ್ಥ. ಉದ್ದ ಪಾಸು ಗಾಳಿಯಲ್ಲಿ ಹೆಚ್ಚು ಹೊತ್ತು ಇರುತ್ತದೆ, ಕಸಿಯುವ ಅವಕಾಶ ಅಲ್ಲಿದೆ. ಕೈ ತಪ್ಪಿದರೆ? ಹಿಂದೆ ಯಾರೂ ಇಲ್ಲ, ಎದುರಾಳಿಗೆ ನೇರ ಟ್ರೈ. ಅದಕ್ಕೇ ಬಹುತೇಕ ಕೋಚ್‌ಗಳು ಇದನ್ನು ಎಲ್ಲರಿಗೂ ಬಿಟ್ಟುಕೊಡುವುದಿಲ್ಲ.

ಮೂರು ಕಪ್ ಗೆದ್ದ ತಂಡವನ್ನು ಯಾಕೆ ಬಿಟ್ಟ? ನನ್ನ 14ರ ಮಗನೂ ಇಲ್ಲಿ ಆಡಬೇಕೆನ್ನುತ್ತಾನೆ, ದಾರಿ ಏನು? (ಸಿಡ್ನಿಯ ಕನ್ನಡಿಗರು)

2021, 2022, 2023ರ ಕಪ್‌ಗಳ ನಂತರ ಅವನು ಕ್ಯಾಂಟರ್ಬರಿ ಬುಲ್‌ಡಾಗ್ಸ್‌ಗೆ ಹೋದ. ಎನ್‌ಆರ್‌ಎಲ್‌ನಲ್ಲಿ ಪ್ರತಿ ಕ್ಲಬ್ಬಿನ ಒಟ್ಟು ಸಂಬಳಕ್ಕೆ ಮಿತಿಯಿದೆ. ಗೆಲ್ಲುವ ತಂಡದ ಹುಡುಗರ ಬೆಲೆ ಒಟ್ಟಿಗೇ ಏರುತ್ತದೆ, ಎಲ್ಲರನ್ನೂ ಉಳಿಸಿಕೊಳ್ಳಲಾಗದು. ವಿಲಿಯಾಮೆ ಕಿಕಾವು ಮೊದಲೇ ಹೋಗಿದ್ದ, ಲುವಾಯ್ ಆಮೇಲೆ ಹೋದ. ಬುಲ್‌ಡಾಗ್ಸ್‌ನಲ್ಲಿ ಕೋಚ್ ಕ್ಯಾಮರನ್ ಸಿರಾಲ್ಡೋ, ಪೆನ್ರಿತ್‌ನಲ್ಲಿ ಸಹಾಯಕ ಕೋಚ್ ಆಗಿದ್ದವರು. ಕ್ರೈಟನ್ 2024ರಲ್ಲಿ ನಾಯಕನಾದ. 2016ರ ನಂತರ ಮೊದಲ ಸಲ ಆ ತಂಡ ಫೈನಲ್ಸ್ ಹಂತ (ಕೊನೆಯ ನಾಕ್‌ಔಟ್ ಸುತ್ತುಗಳು) ಮುಟ್ಟಿತು.

ಮಗನಿಗೆ: ಹತ್ತಿರದ ಜೂನಿಯರ್ ಕ್ಲಬ್ಬಿಗೆ ಪ್ಲೇ ರಗ್ಬಿ ಲೀಗ್ ಜಾಲತಾಣದಲ್ಲಿ ನೋಂದಣಿ ಮಾಡಿಸಿ. ಋತು ಚಳಿಗಾಲದ್ದು, ಹಾಗಾಗಿ ವರ್ಷದ ಆರಂಭದಲ್ಲೇ ವಿಚಾರಿಸಿ. ಚೆನ್ನಾಗಿ ಆಡಿದರೆ ಹ್ಯಾರಲ್ಡ್ ಮ್ಯಾಥ್ಯೂಸ್ ಕಪ್ (17ರೊಳಗೆ), ಎಸ್‌ಜಿ ಬಾಲ್ ಕಪ್ (19ರೊಳಗೆ), ಜರ್ಸಿ ಫ್ಲೆಗ್ (21ರೊಳಗೆ), ಆಮೇಲೆ ಎನ್‌ಆರ್‌ಎಲ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಎನ್‌ಎಸ್‌ಡಬ್ಲ್ಯೂ (ನ್ಯೂ ಸೌತ್ ವೇಲ್ಸ್) ಕಪ್. ಹಲ್ಲಿನ ಗಾರ್ಡನ್ನು ದಂತವೈದ್ಯರ ಬಳಿ ಅಳತೆ ಕೊಟ್ಟೇ ಮಾಡಿಸಿ. ಬಿಸಿನೀರಲ್ಲಿ ಅದ್ದಿ ಕಚ್ಚುವ ಅಗ್ಗದ ಗಾರ್ಡು ಸಡಿಲವಾಗಿ ಬಾಯಿಂದ ಜಾರುತ್ತದೆ. ಮೊದಲ ತಿಂಗಳು ಓಟಕ್ಕಿಂತ ಟ್ಯಾಕಲ್ ಕಲಿಯಲಿ. ತಲೆ ಓಡುವವನ ಮುಂದೆ ಅಲ್ಲ, ಅವನ ಸೊಂಟದ ಹಿಂಬದಿಗೆ ಹೋಗಬೇಕು; ಮುಂದೆ ಹಾಕಿದರೆ ಮೊಣಕಾಲು ನೇರ ತಲೆಗೇ ಬಡಿಯುತ್ತದೆ. ತಲೆಗೆ ಪೆಟ್ಟಾಗಿ ಮಂಪರು, ವಾಂತಿ, ಮರೆವು ಕಂಡರೆ ಅವನು ‘ನಾನು ಸರಿಯಿದ್ದೇನೆ’ ಎಂದರೂ ಆ ದಿನ ಮತ್ತೆ ಮೈದಾನಕ್ಕೆ ಇಳಿಸಬೇಡಿ. ಆಸ್ಟ್ರೇಲಿಯನ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನ 2024ರ ಮಾರ್ಗಸೂಚಿಯಂತೆ ಮಕ್ಕಳು ಪಂದ್ಯಕ್ಕೆ ಮರಳಲು ಕನಿಷ್ಠ 21 ದಿನ ಬೇಕು. ಅದರಲ್ಲಿ 14 ದಿನ ಯಾವ ಲಕ್ಷಣವೂ ಇಲ್ಲದೆ ಕಳೆದ ಮೇಲೆಯೇ ಮೈಗೆ ಮೈ ತಾಗುವ ಅಭ್ಯಾಸ.