ಬಲಗೆನ್ನೆಯ ಬಿಳಿ ಕಲೆ, ಎಡಗೆನ್ನೆಗೆ ಹೋದ ತಂಬಾಕು

ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಹುಬ್ಬಳ್ಳಿ ಕಡೆಯ ಹಮಾಲರೊಬ್ಬರು, ವಯಸ್ಸು ನಲವತ್ತು ದಾಟಿದೆ. ಸುಣ್ಣ ಹಾಕಿ ತಿಕ್ಕಿದ ತಂಬಾಕನ್ನು ಬಲಗೆನ್ನೆಯ ಕೆಳಸಂದಿಯಲ್ಲಿ ಇಟ್ಟುಕೊಳ್ಳುವ ರೂಢಿ. ಹಲ್ಲುನೋವೆಂದು ಹೋದಾಗ ದಂತವೈದ್ಯರು ಅಲ್ಲಿ ಬಿಳಿ ಕಲೆ ಕಂಡು, ತಂಬಾಕು ನಿಲ್ಲಿಸಿ ಎರಡು ವಾರದ ಮೇಲೆ ಬರಲು ಹೇಳಿ, ಆಪ್ತಸಲಹೆಗೆ ನನ್ನ ಹತ್ತಿರ ಕಳಿಸಿದ್ದರು. ಇಂಥವರು ಬರುತ್ತಲೇ ಇರುತ್ತಾರೆ, ಎಲ್ಲರ ಮಾತೂ ಒಂದೇ: "ನೋವಿಲ್ರಿ, ಉರಿ ಇಲ್ರಿ, ಮತ್ಯಾಕ ಹೆದರಬೇಕು?" ತೊಡಕಿರುವುದೇ ಇಲ್ಲಿ. ಇಂಥ ಕಲೆ ಮೊದಲು ನೋಯುವುದಿಲ್ಲ. ನೋಯುವ ಹೊತ್ತಿಗೆ ಬಹಳ ಸಲ ತಡವಾಗಿರುತ್ತದೆ.

ಎರಡನೇ ಭೇಟಿಗೆ ನಗುನಗುತ್ತ ಬಂದರು.

"ಅಕ್ಕಾರ, ನೀವು ಹೇಳಿದ್ದು ಖರೇ ಆತು ನೋಡ್ರಿ. ಕಲೆ ತಿಳಿ ಆಗೇತಿ."

"ತಂಬಾಕು ಬಿಟ್ರೇನ್ರಿ ಅಣ್ಣಾರ?"

"ಬಿಟ್ಟಿಲ್ರಿ. ಈಗ ಎಡಗಡೆ ಇಡಾಕತ್ತೀನಿ."

ಕನ್ನಡಿ, ಟಾರ್ಚ್ ಕೈಗೆ ಕೊಟ್ಟು ಎಡಗೆನ್ನೆಯನ್ನು ಅವರೇ ಬೆರಳಿಂದ ಹೊರಕ್ಕೆ ಎಳೆದು ನೋಡುವಂತೆ ಹೇಳಿದೆ. ಒಳಸಂದಿಯ ಚರ್ಮ ಆಗಲೇ ಬೆಳ್ಳಗಾಗಿ, ನೀರಲ್ಲಿ ನೆಂದ ಬೆರಳಿನ ಹಾಗೆ ಸುಕ್ಕುಗಟ್ಟಿತ್ತು. ಬಹಳ ಹೊತ್ತು ನೋಡಿ, "ಇಲ್ಲೂ ಬರಾಕತ್ತೈತಲ್ರಿ" ಅಂದರು. ಕಲೆಗೆ ಕಾರಣ ಏನೆಂದು ಆಮೇಲೆ ನಾನು ವಿವರಿಸಬೇಕಾಗಲಿಲ್ಲ.

ಬಲಗಡೆ ಮುಂಭಾಗ ಬಹುಪಾಲು ತಿಳಿಯಾಗಿತ್ತು ನಿಜ. ಆದರೆ ಹಿಂದೆ, ದವಡೆ ಹಲ್ಲಿನ ಹತ್ತಿರ ಒಂದು ತುಣುಕು ಹಾಗೇ ಉಳಿದಿತ್ತು. ಬಿಳುಪಿನ ನಡುವೆ ಕೆಂಪು ಚುಕ್ಕೆಗಳಿದ್ದವು. ಕಾರಣ ತೆಗೆದು ಎರಡು ವಾರವಾದರೂ ಹೋಗದ ಕಲೆ, ಅದರಲ್ಲೂ ಕೆಂಪು ಬೆರೆತದ್ದು, ಬಯಾಪ್ಸಿ (ಚೂರು ತೆಗೆದು ಮಾಡುವ ಪರೀಕ್ಷೆ) ಆಗಲೇಬೇಕು. ತಂಬಾಕು ಪೂರ್ತಿ ಬಿಟ್ಟ ಮೇಲೆ ಹೋದರಾಯಿತು ಎಂದು ಕಾಯಬೇಡಿ, ನಾಳೆಯೇ ದಂತವೈದ್ಯರ ಹತ್ತಿರ ಹೋಗಿ ಎಂದೆ.

ಬಾಯಲ್ಲಿ ಬೆಳ್ಳಗಿರುವುದೆಲ್ಲ ಒಂದೇ ಅಲ್ಲ. ಬಾಯಿ ಮುಕ್ಕಳಿಸಿ, ಶುದ್ಧ ಹತ್ತಿಬಟ್ಟೆಯಿಂದ ಮೆಲ್ಲಗೆ ಒರೆಸಿ ನೋಡಿ. ಮೊಸರಿನ ಕೆನೆಯಂತೆ ಕಿತ್ತು ಬಂದು ಕೆಳಗೆ ಕೆಂಪಗೆ ಕಂಡರೆ ಸಾಮಾನ್ಯವಾಗಿ ಶಿಲೀಂಧ್ರದ ಸೋಂಕು. ಸಕ್ಕರೆ ಕಾಯಿಲೆಯವರು, ಕಟ್ಟಿಸಿಕೊಂಡ ಹಲ್ಲನ್ನು ರಾತ್ರಿಯೂ ತೆಗೆಯದವರು, ಆಸ್ತಮಾದ ಸ್ಟೀರಾಯ್ಡ್ ಇನ್ಹೇಲರ್ ಎಳೆದು ಬಾಯಿ ತೊಳೆಯದವರಲ್ಲಿ ಇದು ಹೆಚ್ಚು. ಹಲ್ಲುಗಳು ಕೂಡುವ ಮಟ್ಟದಲ್ಲಿ ಎರಡೂ ಕೆನ್ನೆಗೆ ಅಡ್ಡಲಾಗಿ ಇರುವ ತೆಳು ಬಿಳಿ ಗೆರೆ ಸಹಜ. ಎರಡೂ ಕಡೆ ಬಲೆಯಂಥ ಗೆರೆ ಇದ್ದರೆ ಲೈಕನ್ ಪ್ಲಾನಸ್ ಎಂಬ ಒಳಚರ್ಮದ ಉರಿಯೂತ ಇರಬಹುದು, ವೈದ್ಯರಿಗೆ ತೋರಿಸಿ. ಮುರಿದ ಹಲ್ಲು ಉಜ್ಜಿ ಆದದ್ದು ಆ ಹಲ್ಲು ಸರಿಮಾಡಿಸಿದರೆ ಎರಡು ವಾರದಲ್ಲಿ ಮಾಯಬೇಕು. ಒರೆಸಿದರೆ ಹೋಗದ, ಬೇರೆ ಕಾರಣ ಕಾಣದ ಕಲೆಗೆ ಲ್ಯೂಕೋಪ್ಲೇಕಿಯಾ ಎನ್ನುತ್ತಾರೆ. ಅದು ಕ್ಯಾನ್ಸರ್ ಅಲ್ಲ, ಬಹಳಷ್ಟು ಕ್ಯಾನ್ಸರ್ ಆಗುವುದೂ ಇಲ್ಲ. ಆದರೆ ಯಾವುದು ಆಗುತ್ತದೆಂದು ಕಣ್ಣಳತೆಯಲ್ಲಿ ಹೇಳಲಾಗದು. ನಾಲಿಗೆಯ ಅಂಚು, ನಾಲಿಗೆಯ ಕೆಳಗೆ, ಕೆಂಪು ಬೆರೆತದ್ದು, ಕೈಗೆ ಗಟ್ಟಿ ಹತ್ತುವುದು, ರಕ್ತ ಬರುವುದು, ಕುತ್ತಿಗೆಯಲ್ಲಿ ಗಂಟಿರುವುದು: ಇವಕ್ಕೆ ಎರಡು ವಾರವೂ ಕಾಯಬಾರದು.

"ಬರೇ ಅಡಿಕೆ ತಿಂತೀನಿ, ತಂಬಾಕು ಇಲ್ಲ" ಅನ್ನುವವರಿಗೂ ಒಂದು ಮಾತು. ಅಡಿಕೆ ತಾನೇ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ. ಚಟ್ನಿ ಹಚ್ಚಿದ ರೊಟ್ಟಿ ಉರಿಯತೊಡಗಿ, ಕೆನ್ನೆಯ ಒಳಭಾಗ ಬಿಳಿಚಿ, ನಿಮ್ಮದೇ ಮೂರು ಬೆರಳು ಒಂದರ ಮೇಲೊಂದು ಇಟ್ಟರೆ ಬಾಯೊಳಗೆ ಹೋಗದಿದ್ದರೆ ಒಳಚರ್ಮ ಬಿಗಿಯುತ್ತಿದೆ ಎಂದರ್ಥ. ಬಿಗಿದದ್ದು ಮೊದಲಿನಂತಾಗುವುದು ಕಷ್ಟ.

ಬಯಾಪ್ಸಿ ಎಂದೊಡನೆ ಈ ಅಣ್ಣ "ಚಾಕು ತಾಗಿದ್ರ ಹಬ್ಬತೈತಂತಲ್ರಿ" ಅಂದರು. ಹಬ್ಬುವುದಿಲ್ಲ. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಕಾಳಿನಷ್ಟು ಚೂರು ತೆಗೆಯುತ್ತಾರೆ, ಬೇಕಾದರೆ ಹೊಲಿಗೆ ಹಾಕುತ್ತಾರೆ, ಅದೇ ದಿನ ಮನೆಗೆ ಹೋಗಬಹುದು. ರಕ್ತ ತೆಳುಮಾಡುವ ಗುಳಿಗೆ ನುಂಗುವವರು ಮೊದಲೇ ಹೇಳಬೇಕು, ತಾವಾಗಿ ನಿಲ್ಲಿಸಬಾರದು.

ಕ್ಯಾನ್ಸರ್ ಫೋಟೊ ತೋರಿಸಿ ಹೆದರಿಸಬೇಕಿತ್ತು ಎಂದು ಜೊತೆಯವರೊಬ್ಬರು ಆಕ್ಷೇಪಿಸಿದರು. ಆ ಫೋಟೊ ತಂಬಾಕಿನ ಚೀಟಿಯ ಮೇಲೇ ಇದೆ, ಅದನ್ನೇ ಹರಿದು ಬಾಯಿಗೆ ಹಾಕುತ್ತಾರೆ. ಹೆದರಿದವರು ತಂಬಾಕು ಬಿಡುವುದಕ್ಕಿಂತ ಆಸ್ಪತ್ರೆಗೆ ಬರುವುದನ್ನು ಬಿಡುವುದೇ ಹೆಚ್ಚು. ಅದಕ್ಕೇ ತಂಬಾಕು ಬಿಡದಿದ್ದರೂ ತಪಾಸಣೆ ತಪ್ಪಿಸಬೇಡಿ ಎನ್ನುತ್ತೇನೆ. ಇದನ್ನು ಸಡಿಲು ಎನ್ನುವವರು ಅನ್ನಲಿ.

ಬಿಡುವ ದಾರಿಯೂ ಸಣ್ಣಸಣ್ಣದೇ. ಅವರಿಗೆ ಊಟದ ನಂತರ, ಚಹಾದ ನಂತರ, ಲೋಡು ಇಳಿಸಿದ ಮೇಲೆ ಚಪಲ ಜಾಸ್ತಿ. ಮೊದಲು ಸುಣ್ಣದ ಡಬ್ಬಿ ಜೇಬಿನಿಂದ ಹೊರಗೆ: ಸುಣ್ಣ ಬಾಯಿ ಸುಡುವುದಲ್ಲದೆ ನಿಕೋಟಿನ್ ಬೇಗ ಒಳಹೋಗುವಂತೆಯೂ ಮಾಡುತ್ತದೆ. ಚಪಲ ಹತ್ತು ನಿಮಿಷದೊಳಗೆ ಇಳಿಯುತ್ತದೆ, ಅಷ್ಟು ಹೊತ್ತಿಗೆ ಸೋಂಪು, ನೀರು. ಮೊದಲ ಮೂರು ದಿನ ಸಿಟ್ಟು, ನಿದ್ದೆಗೇಡು ಹೆಚ್ಚು, ಮನೆಯವರಿಗೆ ಮುಂಚೆಯೇ ತಿಳಿಸಿರಬೇಕು. 1800-11-2356 ಉಚಿತ ಸಹಾಯವಾಣಿ.

ಅವರ ಬಯಾಪ್ಸಿ ವರದಿಯಲ್ಲಿ ಕ್ಯಾನ್ಸರ್ ಇರಲಿಲ್ಲ, ಜೀವಕೋಶಗಳಲ್ಲಿ ಅಲ್ಪ ಬದಲಾವಣೆ ಇತ್ತು. ಆ ತುಣುಕನ್ನು ಪೂರ್ತಿ ತೆಗೆದಿದ್ದಾರೆ. ತೆಗೆದ ಜಾಗದಲ್ಲೇ ಮತ್ತೆ ಬರಬಹುದಾದ್ದರಿಂದ ಮೂರು ತಿಂಗಳಿಗೊಮ್ಮೆ ತೋರಿಸಬೇಕು. ತಂಬಾಕು ಇನ್ನೂ ಪೂರ್ತಿ ನಿಂತಿಲ್ಲ, ಊಟದ ನಂತರದ್ದೊಂದು ಉಳಿದಿದೆ. ಮುಂದಿನ ಭೇಟಿಯಲ್ಲಿ ಅದರದ್ದೇ ಮಾತು.