ಭಾನುವಾರ ಬಾರದ ಹೊಟ್ಟೆನೋವು

(ಗುರುತು ಸಿಗದಂತೆ ಹೆಸರನ್ನೂ ಕೆಲವು ವಿವರಗಳನ್ನೂ ಬದಲಿಸಿದ್ದೇನೆ.)

ಹತ್ತನೇ ತರಗತಿಯ ಸುಮಾಳನ್ನು ತಾಯಿ ಕರೆತಂದದ್ದು ಹೊಟ್ಟೆನೋವೆಂದು. ಸ್ಕ್ಯಾನಿಂಗ್ ಆಗಿತ್ತು, ಜಂತುಹುಳದ ಮಾತ್ರೆ ಆಗಿತ್ತು, ದೃಷ್ಟಿ ತೆಗೆದದ್ದೂ ಆಗಿತ್ತು. ಬೆಳಿಗ್ಗೆ ಎಂಟಕ್ಕೆ ಶುರುವಾಗುವ ನೋವು ಶಾಲೆಯ ಹೊತ್ತು ಮೀರಿದ ಮೇಲೆ ತಾನಾಗಿ ಇಳಿಯುತ್ತಿತ್ತು. ಭಾನುವಾರ ಬರುತ್ತಲೇ ಇರಲಿಲ್ಲ. ಎಸ್‌ಎಸ್‌ಎಲ್‌ಸಿ ಭಯವೆಂದುಕೊಂಡು ಮೊದಲ ಭೇಟಿಯನ್ನು ಓದಿನ ವೇಳಾಪಟ್ಟಿಯಲ್ಲೇ ಕಳೆದೆ. ತಪ್ಪು ನನ್ನದು. “ನಾಲ್ಕೂವರೆಗೇ ಎದ್ದು ಕೂರುತ್ತಾಳೆ ಮೇಡಂ” ಎಂದು ತಾಯಿ ಹೆಮ್ಮೆಯಿಂದ ಹೇಳಿದ್ದರು. ಕೇಳಿಸಿಕೊಂಡೆ, ಹಿಡಿದುಕೊಳ್ಳಲಿಲ್ಲ.

ಎರಡನೇ ಸಲ ತಾಯಿಯನ್ನು ಹೊರಗೆ ಕೂರಿಸಿ, ಅಷ್ಟು ಬೇಗ ಎದ್ದು ಮೊದಲು ಏನು ಮಾಡುತ್ತೀಯ ಎಂದು ಕೇಳಿದೆ. ಬಹಳ ಹೊತ್ತಿನ ಮೇಲೆ, “ಅಮ್ಮನ ಫೋನ್ ನೋಡುತ್ತೇನೆ” ಎಂದಳು.

ಆ ಮನೆಯಲ್ಲಿ ಅವಳಿಗೆ ಸಿಗುವುದು ಅಮ್ಮನ ಫೋನೊಂದೇ. ಪ್ರತಿಭಾ ಕಾರಂಜಿಯಲ್ಲಿ ಅವಳು ಭಾವಗೀತೆ ಹಾಡುವಾಗ ಬಾಯಿ ಅಗಲ ತೆರೆದ ಕ್ಷಣವನ್ನು ಯಾರೋ ಕ್ಲಿಕ್ಕಿಸಿ, ಕತ್ತರಿಸಿ, ವಾಟ್ಸ್ಆ್ಯಪ್ ಸ್ಟಿಕ್ಕರ್ ಮಾಡಿದ್ದರು. ತರಗತಿಯ ಹುಡುಗ ಹುಡುಗಿಯರ ಗುಂಪಿನಲ್ಲಿ ಅವಳು ಗಣಿತದ ಲೆಕ್ಕ ಕೇಳಿದರೆ ಉತ್ತರವಾಗಿ ಅದೇ ಮುಖ. ಯಾರದೋ ಹುಟ್ಟುಹಬ್ಬಕ್ಕೂ ಅದೇ ಮುಖ. ಆಮೇಲೆ ಅವಳ ಹೆಸರಿನಲ್ಲೊಂದು ಇನ್‌ಸ್ಟಾಗ್ರಾಂ ಖಾತೆಯೂ ಹುಟ್ಟಿತು. ಗುಂಪು ಬಿಡುವಂತಿಲ್ಲ, ಹೋಮ್‌ವರ್ಕ್ ತಿಳಿಯುವುದು ಅಲ್ಲೇ. ಹಾಗಾಗಿ ಅಮ್ಮ ಏಳುವ ಮೊದಲು ರಾತ್ರಿ ಬಂದದ್ದನ್ನೆಲ್ಲ ಅಳಿಸುವುದು ದಿನದ ಮೊದಲ ಕೆಲಸವಾಗಿತ್ತು.

“ಹೇಳಿದರೆ ಅಪ್ಪ ಫೋನ್ ಮುಟ್ಟಲು ಬಿಡುವುದಿಲ್ಲ. ಹಾಡಲು ಹೋದದ್ದೇ ತಪ್ಪು ಎನ್ನುತ್ತಾರೆ.”

ಸಾಯಬೇಕೆಂದು ಅನಿಸಿದೆಯೇ ಎಂದು ನೇರವಾಗಿಯೇ ಕೇಳಿದೆ. ಕೇಳಿದರೆ ಇಲ್ಲದ ಯೋಚನೆಯನ್ನು ತಲೆಯಲ್ಲಿ ಬಿತ್ತಿದಂತೆ ಎಂದು ಹಿರಿಯರು ಹೆದರುತ್ತಾರೆ. ಹಾಗಾಗುವುದಿಲ್ಲ, ಕೇಳಿದಾಗ ಮಕ್ಕಳಿಗೆ ಹೊರೆ ಇಳಿಯುತ್ತದೆ. “ಕಾಣೆಯಾಗಿಬಿಡಬೇಕು ಅನಿಸುತ್ತದೆ, ಸಾಯಬೇಕು ಅಂತಲ್ಲ” ಎಂದಳು. ಯಾವುದಾದರೂ ಯೋಜನೆ ಇದೆಯೇ ಎಂದೂ ಕೇಳಿ, ಇಲ್ಲವೆಂದು ಖಚಿತಪಡಿಸಿಕೊಂಡೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ನೋಟ್‌ಬುಕ್ಕಿನ ಹಿಂಪುಟದಲ್ಲಿ ಬರೆಸಿದೆ. ನಡುರಾತ್ರಿಯಲ್ಲೂ ಉಚಿತವಾಗಿ ಕನ್ನಡದಲ್ಲಿ ಮಾತನಾಡಬಹುದು.

ಅವಳ ಒಪ್ಪಿಗೆ ಪಡೆದು ತಾಯಿತಂದೆಯನ್ನು ಕೂರಿಸಿಕೊಂಡೆ. ತಾಯಿಯ ಬಾಯಿಗೆ ಮೊದಲು ಬಂದದ್ದು “ಮುಂಚೆಯೇ ಏಕೆ ಹೇಳಲಿಲ್ಲ?” ಎಂಬ ಪ್ರಶ್ನೆ. ಆ ಪ್ರಶ್ನೆ ಬೇಡ ಎಂದೆ. ಕೇಳುವವರಿಗೆ ಅದು ಅಕ್ಕರೆ, ಮಗುವಿಗೆ ಇನ್ನೊಂದು ಆರೋಪ. ಫೋನ್ ಬಂದ್ ಮಾಡುವುದೂ ಬೇಡ. ಹಾಗೆ ಮಾಡಿದರೆ ಗೇಲಿ ಮಾಡಿದವರಿಗೆ ಏನೂ ಆಗದು, ಶಿಕ್ಷೆ ಇವಳಿಗೇ.

ತಂದೆ ಅಂದೇ ಪೊಲೀಸ್ ಠಾಣೆಗೆ ಹೊರಟಿದ್ದರು. ಚಿತ್ರವನ್ನು ಅಶ್ಲೀಲವಾಗಿ ತಿರುಚಿದ್ದರೆ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯಂತೆ ನಾನೇ ವರದಿ ಮಾಡಬೇಕಾಗುತ್ತಿತ್ತು, ಇಲ್ಲಿ ಹಾಗಿರಲಿಲ್ಲ. ಸೈಬರ್ ಅಪರಾಧದ 1930 ಸಹಾಯವಾಣಿ ಮುಖ್ಯವಾಗಿ ಹಣದ ವಂಚನೆಗೆ. ನಕಲಿ ಖಾತೆಗೆ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಕೊಡಬಹುದು ಎಂದೆ. ಯಾವ ದೂರಿಗೂ ಸಾಕ್ಷ್ಯ ಬೇಕು, ಸುಮಾ ದಿನವೂ ಅಳಿಸುತ್ತಿದ್ದುದು ಅದನ್ನೇ! ಅಂದಿನಿಂದ ಅಳಿಸುವುದನ್ನು ನಿಲ್ಲಿಸಿ, ದಿನಾಂಕ, ಕಳಿಸಿದವರ ಸಂಖ್ಯೆ, ಖಾತೆಯ ವಿಳಾಸ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಲು ಹೇಳಿದೆ. ಉತ್ತರ ಕೊಡಬಾರದು. ಎಲ್ಲ ಉಳಿಸಿಕೊಂಡ ಮೇಲೆ ಖಾತೆಯನ್ನು ವರದಿ ಮಾಡಿ, ಬ್ಲಾಕ್ ಮಾಡಬೇಕು. ಬೆಳಗಿನ ಆ ಕೆಲಸವನ್ನು ತಾಯಿ ಪಕ್ಕದಲ್ಲಿ ಕುಳಿತು ಮಾಡಿಸಿದರು. ಹೊಟ್ಟೆನೋವು ಇಳಿಯತೊಡಗಿದ್ದು ಇದರಿಂದಲೇ ಎಂದು ನನ್ನ ಅಂದಾಜು. ನಕಲಿ ಖಾತೆ ಹೋಯಿತು. ತಂದೆ ಪೋರ್ಟಲ್‌ವರೆಗೆ ಹೋಗಲಿಲ್ಲ.

ಶಾಲೆಯ ಮುಖ್ಯೋಪಾಧ್ಯಾಯರು ಹುಡುಗರನ್ನು ಪ್ರಾರ್ಥನೆಯ ಸಾಲಿನ ಮುಂದೆ ನಿಲ್ಲಿಸುತ್ತೇನೆಂದರು. ತಡೆದೆ. ಮೈದಾನದಲ್ಲಿ ಹೆಸರು ಕೂಗಿದರೆ ಸ್ಟಿಕ್ಕರ್ ಎಂಟನೇ ತರಗತಿಗೂ ತಲುಪುತ್ತದೆ. ಪಾಲಕರೆದುರು ಒಬ್ಬೊಬ್ಬರನ್ನೇ ಕರೆದು ಮಾತಾಡಿದರು. ಹೋಮ್‌ವರ್ಕ್ ಹಾಕಲು ಶಿಕ್ಷಕರಷ್ಟೇ ಬರೆಯಬಹುದಾದ ಬೇರೆ ಗುಂಪು ಮಾಡಿದರು. ಸುಮಾ ಹಳೆಯ ಗುಂಪಿನಿಂದ ಹೊರಬಂದ ಸಂಜೆ ಒಬ್ಬ ಸಹಪಾಠಿ, “ನಾನೂ ನಕ್ಕಿದ್ದೆ, ಸಾರಿ” ಎಂದು ಬರೆದಳಂತೆ. ಅದನ್ನೂ ಸ್ಕ್ರೀನ್‌ಶಾಟ್ ತೆಗೆದು ನನಗೆ ತೋರಿಸಿದಳು.

ನಾಲ್ಕನೇ ಭೇಟಿಯ ಹೊತ್ತಿಗೆ ನೋವು ಸೋಮವಾರಕ್ಕಷ್ಟೇ ಉಳಿದಿತ್ತು. ಹೊರಡುವಾಗ, “ಆ ಸ್ಟಿಕ್ಕರ್ ಇನ್ನೂ ಎಷ್ಟು ಜನರ ಫೋನಿನಲ್ಲಿರಬಹುದು ಮೇಡಂ?” ಎಂದಳು. ಒಮ್ಮೆ ಉಳಿಸಿಕೊಂಡವರ ಫೋನಿನಿಂದ ಅದನ್ನು ನಾವು ಅಳಿಸಲಾಗದು. ಇದ್ದುದನ್ನು ಇದ್ದಹಾಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಮುಂದಿನ ಭೇಟಿಯನ್ನು ಸೋಮವಾರಕ್ಕೇ ಇಡಿ ಎಂದಳು, ಶಾಲೆ ಬಿಟ್ಟ ಮೇಲೆ.